ಎರಡು ಸಲ ತುಳಿಯುವ ಬ್ರೇಕು

ಜಮಾಲ್ ಸಾಬ್ರ ಗ್ಯಾರೇಜಿಗೆ ನಾನು ಹೋದದ್ದು ಅದೇ ಮೊದಲು. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯಲ್ಲಿ, ಬೇವಿನ ಮರದ ಕೆಳಗೆ ಒಂದು ತಗಡಿನ ಚಪ್ಪರ. ಹಿಂದೆ ಅವರ ಮನೆ. ನಡುವೆ ಗೋಣಿತಾಟಿನ ಪರದೆ. ಹೆಂಗಸರು ಬಂದು ನಿಲ್ಲುವ ಜಾಗವಲ್ಲ. ನಮ್ಮ ಅಂಬಾಸಿಡರ್ ಕಾರು ಹೊರಗೆ ರಸ್ತೆಗೆ ಮುಖ ಮಾಡಿ ನಿಂತಿತ್ತು. ಮೇಲೆ ಒಂದು ತೊಟ್ಟಿಲು ಕಟ್ಟಿದ್ದರು.

ಕಾರು ನನ್ನ ಗಂಡನದು. ಅವರು ಹೋದ ಮೇಲೆ ಬಾಡಿಗೆಗೆ ಬಿಟ್ಟಿದ್ದೆವು. ಮಂಜಣ್ಣ ಓಡಿಸುತ್ತಿದ್ದ. ನಾನು, ನಮ್ಮತ್ತೆ ಉಣ್ಣುತ್ತಿದ್ದುದು ಅದರಿಂದಲೇ. ಧಾರವಾಡದಲ್ಲಿ ಮಾಡಿದ ಎಂ.ಎ.ಗೆ ಕೊಟ್ಟೂರಿನಲ್ಲಿ ಇನ್ನೂ ಕೆಲಸ ಸಿಕ್ಕಿರಲಿಲ್ಲ.

ಬ್ರೇಕು ಸರಿಯಿಲ್ಲವೆಂದು ಹಿಂದಿನ ವಾರ ಕಾರನ್ನು ಜಮಾಲ್ ಸಾಬ್ರ ಹತ್ತಿರ ಬಿಟ್ಟಿದ್ದೆವು. ಆಯಿತೆಂದು ಕೊಟ್ಟರು. ಮರುದಿನ ಅದರಲ್ಲೇ ಕೂಡ್ಲಿಗಿಯ ಕಚೇರಿಗೆ ಹೋಗಿ ಬರುತ್ತಿದ್ದೆ. ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂತು. ಮಂಜಣ್ಣ ಬ್ರೇಕು ತುಳಿದ. ಕಾರು ನಿಲ್ಲಲಿಲ್ಲ. ಕಾಲೆತ್ತಿ ಮತ್ತೆ ತುಳಿದ. ನಿಂತಿತು. ಎಮ್ಮೆ ನಮ್ಮನ್ನು ಒಮ್ಮೆ ನೋಡಿ ದಾಟಿ ಹೋಯಿತು.

"ಎರಡು ಸಲ ತುಳದ್ಯಲ್ಲ ಮಂಜಣ್ಣ?"

"ಹಳೇ ಗಾಡಿ ಅಲ್ರೀ ಅಕ್ಕಾರ. ಎಲ್ಲಾ ಹಳೇ ಗಾಡಿನೂ ಹಿಂಗ. ಎರಡನೇದಕ್ಕ ಹಿಡೀತೈತಿ."

ಅವನಿಗೆ ಅದು ದೊಡ್ಡ ವಿಷಯವಾಗಿರಲಿಲ್ಲ. ಗುರುವಾರ ಇಟ್ಟಿಗಿ ಊರಿಗೆ ಬಾಡಿಗೆ ಹಿಡಿದೇಬಿಟ್ಟಿದ್ದ. ಸಂತೆಪೇಟೆಯ ಗಾದೆಪ್ಪನ ಮಗಳು ಹುಲುಗಮ್ಮ ತವರಿನ ಬಾಣಂತನ ಮುಗಿಸಿ, ಕೂಸಿನ ಸಂಗಡ ಗಂಡನ ಮನೆಗೆ ಹೊರಟಿದ್ದಳು. ಹೊರಡುವ ಮೊದಲು ಕಾರನ್ನು ಇನ್ನೊಮ್ಮೆ ಗ್ಯಾರೇಜಿನಲ್ಲಿ ತೋರಿಸಬೇಕೆಂದು ನಾನು ಹಟ ಹಿಡಿದೆ. ಮಂಜಣ್ಣ ಅವರನ್ನೆಲ್ಲ ಹತ್ತಿಸಿಕೊಂಡೇ ಅಲ್ಲಿಗೆ ಬಂದಿದ್ದ. ನಾನು ನಡೆದು ಹೋದೆ.

ಜಮಾಲ್ ಸಾಬ್ರು ಕೈ ಒರೆಸಿಕೊಳ್ಳುತ್ತ ಎದ್ದು ಬಂದರು. ಕುರುಚಲು ಗಡ್ಡ ಬೆಳ್ಳಗಾಗಿತ್ತು.

"ನೀವ್ಯಾಕ ಬರಾಕ ಹೋದ್ರಿ ಅಮ್ಮಾರ? ಮಂಜಣ್ಣಗ ಹೇಳಿ ಕಳಿಸಿದ್ರ ಸಾಕಾಗಿತ್ತು. ಗಾಡಿ ಚಲೋ ಐತಿ."

"ಬ್ರೇಕು ಒಂದು ಸಲಕ್ಕ ಹಿಡಿಯಂಗಿಲ್ಲ."

ಅವರು ಮಂಜಣ್ಣನ ಕಡೆ ತಿರುಗಿದರು. "ಏನಲೇ ಮಂಜಾ, ಹಿಡಿಯಂಗಿಲ್ಲೇನು?"

"ಹಿಡೀತೈತಿ ಬಿಡ್ರಿ ಸಾಬ್ರ. ಎರಡನೇದಕ್ಕ."

"ನಮ್ಮ ಎತ್ತೂ ಹಂಗ," ಎಂದ ಗಾದೆಪ್ಪ, ಕಟ್ಟೆಯ ಮೇಲೆ ಕೂತವನು. "ಎರಡು ಸಲ ಹೋ ಹೋ ಅಂದ ಮ್ಯಾಲೇ ನಿಲ್ಲೋದು."

ಎಲ್ಲರೂ ನಕ್ಕರು. ಜಮಾಲ್ ಸಾಬ್ರೂ ನಕ್ಕರು. "ಅಮ್ಮಾರ, ನೀವು ಓದಿದೋರು. ಆದ್ರ ಗಾಡಿ ಪುಸ್ತಕದಾಗ ಓಡಂಗಿಲ್ಲ. ಈ ಕೈಯಿಂದ ಹೋದ ಗಾಡಿ ಒಂದೂ ತಿರುಗಿ ಬಂದಿಲ್ಲ, ಕೇಳ್ರಿ ಯಾರನ್ನಾದ್ರೂ."

"ಇದು ಬಂದೈತಲ್ಲ."

ನಗು ನಿಂತಿತು. ಸಾಬ್ರ ಮುಖ ಬಿಗಿದುಕೊಂಡಿತು.

"ಬಂದಿಲ್ಲ. ನೀವು ತಂದೀರಿ."

ನನ್ನ ಗಂಡ ಸತ್ತದ್ದು ಈ ಕಾರಿನಲ್ಲಿ ಅಲ್ಲ. ಯಾರದೋ ಜೀಪು. ಹಗರಿಬೊಮ್ಮನಹಳ್ಳಿಯ ಆಚೆ ಒಂದು ತಿರುವು. ಜೀಪು ಓಡಿಸುತ್ತಿದ್ದವನು ಉಳಿದುಕೊಂಡ. ಆಸ್ಪತ್ರೆಯಲ್ಲಿ ತಲೆಗೆ ಪಟ್ಟಿ ಸುತ್ತಿಸಿಕೊಂಡು ನನ್ನ ಮುಂದೆ ಕೂತು ಒಂದೇ ಮಾತು ಹೇಳುತ್ತಿದ್ದ: ಇನ್ನೊಂದು ಸಲ ತುಳಿದಿದ್ದರ ಹಿಡೀತಿತ್ರೀ ಅಕ್ಕಾ, ಇನ್ನೊಂದು ಸಲ. ಇದನ್ನು ಗ್ಯಾರೇಜಿನಲ್ಲಿ ನಾನು ಹೇಳಲಿಲ್ಲ.

"ಕೀಲಿ ಕೊಡು ಮಂಜಣ್ಣ," ಎಂದೆ. "ಇವತ್ತು ಗಾಡಿ ಹೋಗಂಗಿಲ್ಲ."

"ಹೋಗಂಗಿಲ್ಲ ಅಂದ್ರ?" ಗಾದೆಪ್ಪ ಎದ್ದು ನಿಂತ. "ಒಂದೂವರಿಗೆ ರಾಹುಕಾಲ ಹತ್ತತೈತಿ. ಅಷ್ಟರಾಗ ಊರು ದಾಟಬೇಕು. ಬೀಗರು ದಾರಿ ಕಾಯ್ತಾ ಅದಾರ." ಆಮೇಲೆ ಬೇರೆ ಕಡೆ ನೋಡುತ್ತ, ನನಗೆ ಕೇಳುವಷ್ಟೇ ದನಿಯಲ್ಲಿ, "ಕೂಸು ಎತ್ತಿಕೊಂಡು ಹೊಂಟಾಗ ಎಂಥೋರು ಎದುರಿಗೆ ಬಂದ್ರು ನೋಡು," ಎಂದ.

ಬೇವಿನ ನೆರಳಲ್ಲಿ ಕೂತಿದ್ದ ಹುಲುಗಮ್ಮ ಕೂಸಿನ ಮುಖದ ಮೇಲೆ ಸೆರಗು ಎಳೆದಳು. ಅಂಥ ಮಾತು ಆಗ ನನಗೆ ತಾಗುತ್ತಿರಲಿಲ್ಲ. ಸೆರಗಿನ ಕೆಳಗೆ ಕೂಸಿನ ಒಂದು ಕಾಲು ಕಾಣುತ್ತಿತ್ತು. ನಾನು ಅದನ್ನೇ ನೋಡಿದೆ.

ಮಂಜಣ್ಣ ಕೀಲಿ ಕೊಡಲಿಲ್ಲ. "ನಾಕು ಮಂದಿ ಮುಂದ ನನ್ನ ಮರ್ಯಾದಿ ತೆಗೀಬ್ಯಾಡ್ರಿ ಅಕ್ಕಾರ. ಹಿಂಗಾದ್ರ ನಾ ಬಿಟ್ಟು ಹೋಗ್ತೀನಿ. ಹಡಗಲಿಯಾಗ ಹೂವಿನ ವ್ಯಾನ್ ಓಡ್ಸಾಕ ಕರದಾರ."

"ಸಾಬ್ರೇ, ನೀವು ಟ್ರಯಲ್ ನೋಡಿದ್ರೇನು?"

"ನೋಡದ ಕೊಡ್ತೀನೇನ್ರಿ? ಹಳ್ಳದ ಇಳುಕಲಿನ ಮಟ ಹೋಗಿ ಬಂದೀನಿ."

"ಒಬ್ಬರೇ?"

"ಟ್ರಯಲ್‌ಗೆ ದಿಬ್ಬಣ ಕಟ್ಟಿಕೊಂಡು ಹೋಗ್ತಾರೇನು?"

ಮತ್ತೆ ನಗು. ಆಗ ಪರದೆ ಸರಿಸಿ ಅವರ ಹೆಂಡತಿ ಶರೀಫಾ ಬೀ ಬಾಣಂತಿಗೆ ಚಹಾ ತಂದಳು. ಕಂಕುಳಲ್ಲಿ ಅವಳ ಕಿರಿಯ ಮಗಳಿದ್ದಳು. ನಾನು ಮೊದಲೇ ಯೋಚಿಸಿಕೊಂಡು ಬಂದ ಮಾತಲ್ಲ ಅದು. ಬಂದುಬಿಟ್ಟಿತು.

"ಹಂಗಾದ್ರ ಇನ್ನೊಮ್ಮೆ ಹೋಗಿ ಬರ್ರಿ. ನಿಮ್ಮ ಮನಿಯವರನ್ನ ಹಿಂದ ಕೂಡಿಸಿಕೊಂಡು."

ಜಮಾಲ್ ಸಾಬ್ರ ಕೈಯಲ್ಲಿದ್ದ ಬಟ್ಟೆ ಉಂಡೆಯಾಯಿತು.

"ಅಮ್ಮಾರ, ಹದ್ದು ಮೀರಬ್ಯಾಡ್ರಿ. ನಮ್ಮ ಮನಿ ಹೆಂಗಸರನ್ನ ಇದರಾಗ ಎಳೀಬ್ಯಾಡ್ರಿ. ನಿಮ್ಮ ಯಜಮಾನ್ರ ಮುಖ ನೋಡಿ ಸುಮ್ಮನಿದೀನಿ."

"ಅವರ ಮುಖ ಬ್ಯಾಡ್ರಿ. ಗಾಡಿ ನೋಡ್ರಿ."

ಶರೀಫಾ ಬೀ ಲೋಟ ಕೆಳಗಿಟ್ಟಳು. "ಅದಕ್ಕ್ಯಾಕ ಇಷ್ಟು ಸಿಟ್ಟು?" ಎಂದಳು ಗಂಡನಿಗೆ. "ಊರ ಮಂದಿ ಗಾಡಿ ಎಲ್ಲಾ ಮಾಡ್ತೀರಿ, ಒಂದರಾಗಾದ್ರೂ ನನ್ನ ಕೂಡಿಸೀರೇನು? ಅಕ್ಕಾರ ಪುಣ್ಯದಿಂದ ಹಳ್ಳ ಆದ್ರೂ ನೋಡಿ ಬರ್ತೀನಿ." ಬಾಗಿಲು ತೆಗೆದು, ಮಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಿಂದಿನ ಸೀಟಿನಲ್ಲಿ ಕೂತಳು. ಸೆರಗು ಸರಿಮಾಡಿಕೊಂಡಳು. ಮಗಳು ಗಾಜಿಗೆ ಅಂಗೈ ಒತ್ತಿದಳು.

ಹಿಂದೆ ಸರಿಯಲು ಅವರಿಗೆ ದಾರಿಯಿರಲಿಲ್ಲ. ಮಂಜಣ್ಣನ ಕೈಯಿಂದ ಕೀಲಿ ಕಸಿದುಕೊಂಡು ಒಳಗೆ ಕೂತರು. ಇಂಜಿನ್ ಶುರುವಾಯಿತು. ಕಾರು ರಸ್ತೆಯ ಅಂಚಿನವರೆಗೆ ಉರುಳಿತು. ನಾನು ಬಾಗಿಲ ಪಕ್ಕದಲ್ಲೇ ನಡೆದೆ. ಅವರ ಮೊಣಕಾಲು ಒಮ್ಮೆ ಕೆಳಗೆ ಹೋಯಿತು. ಕಾರು ಉರುಳುತ್ತಲೇ ಇತ್ತು. ಮೊಣಕಾಲು ಮೇಲೆದ್ದು ಮತ್ತೆ ಕೆಳಗೆ ಹೋಯಿತು.

ನಿಂತಿತು.

ಅವರು ಎದುರಿನ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದರು. ನೋಡುತ್ತಲೇ ಇದ್ದರು. ಇಂಜಿನ್ ಓಡುತ್ತಿತ್ತು. ಆಮೇಲೆ ಆರಿಸಿದರು.

"ಉತರ್," ಎಂದರು.

ಶರೀಫಾ ಬೀ ಕದಲಲಿಲ್ಲ. "ಯಾಕ?"

"ಇಳಿ ಅಂದೆ."

ಗಾದೆಪ್ಪ ಹತ್ತಿರ ಬಂದ. "ಏನ್ ಸಾಬ್ರ ಇದು? ಹೊತ್ತಾತು, ಕೂಸಿನ ಕೂಡಿಸ್ತೀನಿ."

"ತೊಟ್ಟಿಲ ಬಿಚ್ಚಿಕೊಳ್ರಿ ಗಾದೆಪ್ಪ."

"ಏನಂದ್ರಿ?"

"ಬಿಚ್ಚಿಕೊಳ್ರಿ ಅಂದೆ. ಬಸ್ಸಿಗೆ ಹೋಗ್ರಿ."

ಶರೀಫಾ ಬೀ ಇಳಿದು ಮಗಳನ್ನು ಮತ್ತೆ ಕಂಕುಳಿಗೆ ಏರಿಸಿಕೊಂಡಳು. ಹುಲುಗಮ್ಮನ ಕಡೆ ನೋಡಿದಳು. "ಇದರಾಗ ಆ ಕೂಸು ಕೂಡೋದಿತ್ತಲ್ಲ," ಎಂದಳು. ಜೋರಾಗಿ ಅಲ್ಲ. ಗಂಡ ತಲೆ ಎತ್ತಲಿಲ್ಲ. ಅವಳು ಪರದೆಯ ಆಚೆ ಹೋದಳು. ಚಹಾದ ಲೋಟ ಅಲ್ಲೇ ಉಳಿಯಿತು.

ಗಾದೆಪ್ಪ ಬಾಯಿಗೆ ಬಂದಂತೆ ಬೈದ. ಸಾಬ್ರಿಗೆ ಅರ್ಧ, ನನಗೆ ಅರ್ಧ. ಬಸ್ಸು ಬಂದಾಗ ರಾಹುಕಾಲ ಹತ್ತಿತ್ತು. ಆದರೂ ಹೋದರು. ಬಸ್ಸಿನ ತಲೆಯ ಮೇಲೆ ತೊಟ್ಟಿಲು ಕಾಲು ಮೇಲೆ ಮಾಡಿ ಹೋಯಿತು. ಮಂಜಣ್ಣನೂ ಅದೇ ಬಸ್ಸು ಹತ್ತಿದ.

ಜಮಾಲ್ ಸಾಬ್ರು ಬಾನೆಟ್ ಎತ್ತಿ ಒಳಗಿನ ಒಂದು ಭಾಗ ಬಿಚ್ಚಿದರು. ಅದರಿಂದ ಬ್ರೇಕಿನ ಎಣ್ಣೆ ತಡೆಯುವ ರಬ್ಬರಿನ ಸಣ್ಣ ವಾಷರ್ ತೆಗೆದರು. ಅಂಚು ಸವೆದಿತ್ತು.

"ಹೊಸಾದು ಇಲ್ಲಿ ಸಿಗಂಗಿಲ್ಲ," ಎಂದರು. ನನಗೆ ಹೇಳಿದರೋ ವಾಷರ್‌ಗೆ ಹೇಳಿದರೋ. "ದಾವಣಗೆರಿಯಿಂದ ಬರಬೇಕು. ಹಳೇದನ್ನ ತೊಳದು ಹಾಕಿದ್ದೆ. ಎಲ್ಲಾರೂ ಹಂಗ ಮಾಡ್ತಾರ."

"ತರಿಸ್ರಿ. ನಾನು ಬರ್ತೀನಿ," ಎಂದೆ.

ಎರಡು ದಿನದ ಮೇಲೆ ವಾಷರ್ ಬಂತು. ನಾನು ಹೋದಾಗ ಅವರು ಅದನ್ನು ಹಾಕಿ ಮುಗಿಸಿ, ಕಾರಿನ ಪಕ್ಕ ಚಾಪೆ ಹಾಸಿಕೊಂಡು ಕೂತಿದ್ದರು. ನಮಸ್ಕಾರ ಹೇಳಲಿಲ್ಲ. ಚಕ್ರದ ಕಡೆ ಕೈ ತೋರಿಸಿ ಹೇಳಿದರು:

"ಒಬ್ಬರು ಒಳಗ ಕೂತು ಬ್ರೇಕು ತುಳೀಬೇಕು. ನಾ ಕೆಳಗಿಂದ ಬ್ರೇಕಿನ ಪೈಪಿನಾಗಿನ ಗಾಳಿ ತೆಗೀಬೇಕು. ಮಂಜಣ್ಣ ಇಲ್ಲ. ಮತ್ತ... ನೀವು..."

ಡ್ರೈವರ್ ಸೀಟಿನಲ್ಲಿ ನಾನು ಎಂದೂ ಕೂತಿರಲಿಲ್ಲ. ಕಾಲು ಎಟುಕಲಿಲ್ಲ. ಅಂಚಿಗೆ ಸರಿದು ಕೂತೆ. ಪರದೆಯ ಸಂದಿಯಿಂದ ಶರೀಫಾ ಬೀ ನೋಡುತ್ತಿದ್ದಳು.

"ತುಳೀರಿ," ಎಂದಿತು ಕೆಳಗಿನ ದನಿ. "ಹಿಡೀರಿ. ಬಿಡ್ರಿ."

ಮೊದಲು ಪೆಡಲು ಕೆಸರಿನಲ್ಲಿ ಕಾಲಿಟ್ಟ ಹಾಗೆ ಇಳಿದು ಹೋಗುತ್ತಿತ್ತು. ಒಂದು ಚಕ್ರ ಆಯಿತು. ಇನ್ನೊಂದು. ತುಳೀರಿ. ಹಿಡೀರಿ. ಬಿಡ್ರಿ. ಅವರು ಚಾಪೆ ಎಳೆದುಕೊಂಡು ಕಾರನ್ನು ಸುತ್ತಿದರು. ನಾನು ತುಳಿದೆ. ಕೊನೆಯ ಚಕ್ರದ ಹೊತ್ತಿಗೆ ಪೆಡಲು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಇನ್ನೂ ಒತ್ತಿದೆ. ಇಳಿಯಲಿಲ್ಲ.

"ಹಿಡೀತೇನ್ರಿ ಅಮ್ಮಾರ?"

ನಾನು ಕಾಲು ತೆಗೆಯಲಿಲ್ಲ.

"ಹಿಡೀತು," ಎಂದೆ.

"ಹಂಗಾದ್ರ ಬಿಡ್ರಿ."

ನಾನು ಒತ್ತಿಕೊಂಡೇ ಕೂತಿದ್ದೆ, ಕಾಲು ನೋಯತೊಡಗುವವರೆಗೂ.