ನೀರಿನ ಗೆರೆ

ಹೊಳೆಯ ಮಟ್ಟ ತೋರಿಸುವ ನಗರಸಭೆಯ ಜಾಲತಾಣಕ್ಕೆ ‘ಕುರುಡರೂ ಬಳಸಬಹುದು’ ಎಂಬ ಪತ್ರ ಬೇಕಿತ್ತು. ಅದಕ್ಕೆ ಮಾರಿವಿಕ್ ಸಹಿ ಹಾಕಬೇಕು. ಆ ಕಚೇರಿಯಲ್ಲಿ ಕಣ್ಣು ಕಾಣದವಳು ಅವಳೊಬ್ಬಳೇ. ಮೇಯರ್ ಬರುತ್ತಾರೆಂದು ಪಕ್ಕದ ಕೋಣೆಯಲ್ಲಿ ಔತಣದ ಪನ್ಸಿತ್ ಶಾವಿಗೆ ಆಗಲೇ ಘಮಘಮಿಸುತ್ತಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ್ದರು.

ಹೋದ ವರ್ಷದ ಬಿರುಗಾಳಿಯಲ್ಲಿ ಇದೇ ಪುಟದಲ್ಲಿದ್ದ ನೀರಿನ ಮಟ್ಟದ ಗೆರೆಯನ್ನು, ಪರದೆ ಓದುವ ಲ್ಯಾಪ್‌ಟಾಪಿನ ದನಿ ಅವಳ ಗಂಡ ನೆಸ್ತೋರನಿಗೆ ‘ಚಿತ್ರ’ ಎಂದಷ್ಟೇ ಓದಿ ಹೇಳಿತ್ತು. ಅವನೂ ಕುರುಡ, ಮಾಲೀಶು ಅವನ ಕಸುಬು. ಬರೀ ಚಿತ್ರ ಅಂದರೆ ಏನು ಮಾಡಬೇಕು? ಸುಮ್ಮನೆ ಕೂತಿದ್ದ. ನೀರು ಎದೆಮಟ್ಟ ಬಂದಾಗ ನೆರೆಯವರು ಹೊತ್ತು ತಂದಿದ್ದರು. ಇವತ್ತೂ ಬೆಳಗಿನಿಂದ ಮಳೆ, ಇವತ್ತೂ ಅವನೊಬ್ಬನೇ ಮನೆಯಲ್ಲಿ. ಪರೀಕ್ಷೆಗೆಂದು ಹೊಸ ಪುಟವನ್ನು ಅವನಿಗೂ ಕಳಿಸಿದ್ದಳು.

"ಈ ಸಲ ಒಂದಂಕಿನೂ ಬಿಟ್ಟಿಲ್ಲ, ಆತೆ," ಎಂದ ಮೇಲಧಿಕಾರಿ ರೊಡೆಲ್. ವಯಸ್ಸಿನಲ್ಲಿ ಅವನೇ ದೊಡ್ಡವನು, ಕೆಲಸ ಆಗಬೇಕಾದಾಗ ಮಾತ್ರ ಅವಳು ಅವನಿಗೆ ‘ಆತೆ’, ಅಕ್ಕ. "ಮಧ್ಯರಾತ್ರಿಯಿಂದ ಐದೈದು ನಿಮಿಷದ ಲೆಕ್ಕ. ಎಲ್ಲಾ ಓದುತ್ತೆ!"

"ಪೂರ್ತಿ ಕೇಳಿದ್ರಾ ಸರ್?"

"ಮೊದಲಿನ ಎರಡು ಮೂರು ಕೇಳ್ದೆ. ಚೆನ್ನಾಗಿದೆ."

ಅವಳ ಮೈ ಉರಿಯಿತು. ಕಣ್ಣಿದ್ದವರು ಗೆರೆಯ ತುದಿ ನೋಡಿ ಎದ್ದು ಓಡಬಹುದು, ಕುರುಡರು ಮಾತ್ರ ಇಡೀ ದಿನದ ಪುರಾಣ ಕೇಳಿ ಏಳಬೇಕೇ? ನೆಸ್ತೋರನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ನೀರೆಷ್ಟಿದೆ ನೋಡ್ದೆಯಾ?"

"ಕೇಳ್ತಾನೇ ಇದೀನಿ ಕಣೆ. ಲೆಕ್ಕ ಈಗ ಬೆಳಗಿನ ನಾಲ್ಕಕ್ಕೆ ಬಂದಿದೆ." ಆಗ ಹಗಲು ಹನ್ನೊಂದು. "ಇರು, ಇನ್ನೂ ಓದ್ತಿದೆ... ಅಯ್ಯೋ, ಚಾಪೆ ಯಾಕೆ ಒದ್ದೆ?"

"ಅದನ್ನ ಬಿಸಾಕಿ ಮಹಡಿ ಹತ್ತೋ ಮಾರಾಯ! ಅಲಿಂಗ್ ಚೋಲೆಂಗ್ ಮನೆಗೆ ಹೋಗು!"

ಲ್ಯಾಪ್‌ಟಾಪೂ ಫೋನೂ ಚಾಪೆಯ ಮೇಲೇ ಉಳಿದವು. ಮೆಟ್ಟಿಲ ಮೇಲೆ ಹೆಜ್ಜೆ, ಬಾಗಿಲ ಸದ್ದು, ಮಹಡಿಯ ಮುದುಕಿ ಚೋಲೆಂಗಳ ಬೈಗುಳ ದೂರದಿಂದ ಕೇಳಿಸಿದವು. ಮಾರಿವಿಕ್‌ಗೆ ಹೋದ ಜೀವ ಬಂತು.

"ಈಗ ನೀರೆಷ್ಟು, ಏರ್ತಿದೆಯಾ ಇಳೀತಿದೆಯಾ, ಮನೆ ಬಿಡ್ಬೇಕಾ ಬೇಡ್ವಾ. ಇಷ್ಟು ಮೊದಲನೇ ಸಾಲಲ್ಲಿ ಹೇಳ್ಸಿ ಸರ್. ನಿಮ್ಮ ಅಂಕಿಯೆಲ್ಲ ಕೆಳಗಿರಲಿ. ಅಲ್ಲೀತನಕ ಸಹಿ ಇಲ್ಲ."

"ಹನ್ನೆರಡಕ್ಕೆ ಮೇಯರ್ ಬರ್ತಾರೆ, ಆತೆ."

"ನೀರು ಆಗ್ಲೇ ಬಂತಲ್ಲ!"

ಮೇಜಿನ ಮೇಲಿನ ಫೋನಿನಲ್ಲಿ ಪುಟ ಇನ್ನೂ ಓದುತ್ತಲೇ ಇತ್ತು. ಆರು ಗಂಟೆ ಐದು ನಿಮಿಷ, ಆರು ಗಂಟೆ ಹತ್ತು ನಿಮಿಷ. ಏಳು ಆಗುವ ಮುಂಚೆ ದನಿ ಗೊರಗೊರ ಎಂದು ನಿಂತುಹೋಯಿತು. ರೊಡೆಲ್ ಕುರ್ಚಿ ಎಳೆದುಕೊಂಡು ಮೊದಲನೇ ಸಾಲು ಟೈಪ್ ಮಾಡತೊಡಗಿದ.