ಹದಿನೇಳನೇ ಹಲಗೆ

ಊರಿನವರಿಗೆಲ್ಲ ನನ್ನಪ್ಪ ಸೊಟ್ಟ ಮೇಸ್ತ್ರಿ. ಅವನು ಮಾಡಿದ ಬಾಗಿಲು ಇವತ್ತಿಗೂ ಕಿರ್ ಅನ್ನುವುದಿಲ್ಲ, ಮಂಚ ಅಲುಗುವುದಿಲ್ಲ. ಅದೆಲ್ಲ ಯಾರಿಗೆ ಬೇಕು! ನಲವತ್ತು ವರ್ಷದ ಹಿಂದೆ, ದೋಣಿ ಕಟ್ಟುವ ಹಳೇ ಮರದ ಜೆಟ್ಟಿಯ ರಿಪೇರಿಯಲ್ಲಿ ಹದಿನೇಳನೇ ಹಲಗೆಯನ್ನು ಮೂರು ಬೆರಳು ಓರೆಯಾಗಿ ಹೊಡೆದುಬಿಟ್ಟ. ದೋಣಿ ಇಳಿದವರು ಅದಕ್ಕೆ ಎಡವುತ್ತಾರೆ, ಅಪ್ಪನಿಗೆ ಬೈಯುತ್ತಾರೆ. ಶಾಲೆಯಲ್ಲಿ ನಾನು ಸೊಟ್ಟನ ಮಗಳು. ಆ ಸಿಟ್ಟಿಗೇ ನಾನೂ ಬಡಗಿಯಾದೆ.

ಈಗ ಜೆಟ್ಟಿಯನ್ನು ಮೊದಲಿನ ಹಾಗೆ ಮಾಡುವ ಕೆಲಸ ನನಗೇ ಸಿಕ್ಕಿತು. ಅಪ್ಪನಿಗೆ ಅನ್ನ ನೀರು ಬೇಡವಾಯಿತು.

"ಆ ಹಲಗೆ ನಾನೇ ನೇರ ಮಾಡ್ತೀನಿ ಕಣೇ. ಕಣ್ಣು ಇನ್ನೊಂದು ವರ್ಷ ಕಂಡ್ರೆ ಹೆಚ್ಚು. ಈ ಹೆಸರು ಹೊತ್ಕೊಂಡು ಸಾಯಕ್ಕೆ ನಂಗಿಷ್ಟ ಇಲ್ಲ."

"ಆಯ್ತಪ್ಪ, ಅದು ನಿಂದೇ" ಅಂದೆ.

ಮಾರನೇ ದಿನ ಸ್ಮಾರಕ ಕಚೇರಿಯ ಅಧಿಕಾರಿ ಹಳೇ ಫೋಟೋ, ಟೇಪು ಹಿಡಿದು ಬಂದರು. ಹದಿನೇಳನೇ ಹಲಗೆಯ ಮುಂದೆ ಚಪ್ಪಲಿ ಕಳಚಿ ನಿಂತರು.

"ಇದನ್ನ ಮುಟ್ಟೋ ಹಾಗಿಲ್ಲ. ಇಡೀ ಜೆಟ್ಟಿಯ ವೈಶಿಷ್ಟ್ಯವೇ ಇದು."

"ಸಾರ್, ಕೊಳೆತು ಹೋಗಿದೆ. ಬೆರಳಿಟ್ರೆ ಒಳಗೆ ಹೋಗುತ್ತೆ."

"ಹಾಗಾದ್ರೆ ಹೊಸದು ಹಾಕಿ. ಹೀಗೇ ಸೊಟ್ಟಗೆ."

ಹಲ್ಲು ಕಚ್ಚಿಕೊಂಡು, ಅಳತೆ ಹಿಡಿದು, ಮೂರು ಬೆರಳು ಓರೆಯಾಗಿ ಹೊಡೆದೆ. ಅಧಿಕಾರಿ ಮಂಡಿಯೂರಿ ಒಂದು ಕಣ್ಣು ಮುಚ್ಚಿ ನೋಡಿದರು.

"ಇದು ಬೇಕಂತ ಮಾಡಿದ ಸೊಟ್ಟು. ಹಳೇದ್ರಲ್ಲಿ ಒಂದು ಗಾಬರಿ ಇತ್ತು, ಇದ್ರಲ್ಲಿ ಇಲ್ಲ. ಮಾಡಿದವರು ಬದುಕಿದ್ರೆ ಅವರಿಂದಲೇ ಮಾಡಿಸಬೇಕು ಅಂತ ನಿಯಮ ಇದೆ. ಇಲ್ದಿದ್ರೆ ಜೆಟ್ಟಿ ಪಾಸಾಗಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನಿಗೆ ಹೇಗೆ ಹೇಳಲಿ? ಕೊನೆಗೂ ಹೇಳಿದೆ. ಅವನು ಎದ್ದು ಸುತ್ತಿಗೆ ತಗೊಂಡ. "ನಡಿ. ನಿನ್ನ ಕೆಲಸ ನಿಲ್ಲಬಾರದು."

ಹೊಡೆದ. ಹಲಗೆ ನೇರ ಕೂತಿತು. ಕಿತ್ತು ಮತ್ತೆ ಹೊಡೆದ, ಮತ್ತೂ ನೇರ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೊಡೆದ, ಅದಂತೂ ದಾರ ಹಿಡಿದ ಹಾಗೆ ಬಂತು. ಸಂಜೆಯೊಳಗೆ ಐದು ಹಲಗೆ ಹಾಳಾದವು.

"ಪ್ರಯತ್ನ ಪಡಿ ಮೇಸ್ತ್ರಿಗಳೇ" ಅಂದರು ಅಧಿಕಾರಿ. "ನಿಮ್ಮಲ್ಲಿ ಪ್ರತಿಭೆ ಇದೆ."

ನನ್ನ ತಾಳ್ಮೆ ಮುಗಿಯಿತು. "ಅವತ್ತು ಹೆಂಗಪ್ಪಾ ಹೊಡ್ದೆ? ಕುಡಿದಿದ್ಯಾ?"

ಅಪ್ಪ ಮೊಳೆಗಳನ್ನು ಅಂಗೈಯಲ್ಲಿ ಆಡಿಸಿದ. "ದಡದಿಂದ ನಿನ್ನತ್ತೆ ಕೂಗಿದ್ಲು. ಹೆಣ್ಣು ಮಗು, ಉಸಿರಾಡ್ತಿಲ್ಲ ಅಂತ. ನಾನು ಆ ಕಡೆ ತಿರುಗಿದ್ದೆ, ಕೈ ಈ ಕಡೆ ಹೊಡೀತಾನೇ ಇತ್ತು. ಆಮೇಲೆ ಎಂಟು ದಿನ ನಿನ್ನ ಬಿಟ್ಟು ಕದಲಲಿಲ್ಲ. ಬರೋಷ್ಟರಲ್ಲಿ ಉದ್ಘಾಟನೆ ಮುಗಿದಿತ್ತು, ಇನ್ನು ಮುಟ್ಟಬೇಡ ಅಂದ್ರು."

"ಇಷ್ಟು ವರ್ಷ ಯಾಕೆ ಯಾರಿಗೂ ಹೇಳ್ಲಿಲ್ಲ?"

"ನನ್ನ ಸೊಟ್ಟ ಅಂದ್ರೆ ಅನ್ಲಿ ಬಿಡು. ಈ ಹುಡುಗಿ ಹುಟ್ಟಿದ್ದಕ್ಕೇ ಹಲಗೆ ಹಾಳಾಯ್ತು ಅಂತ ನಿನ್ನ ಅಂದ್ರೆ?"

ಸೊಟ್ಟನ ಮಗಳು ಅನ್ನಿಸಿಕೊಂಡ ದಿನವೆಲ್ಲ ಮನೆಗೆ ಬಂದು ಇವನ ಮೇಲೆ ಕೂಗಾಡುತ್ತಿದ್ದೆ. ಒಂದು ದಿನವೂ ಬಾಯಿ ಬಿಡಲಿಲ್ಲ, ಪುಣ್ಯಾತ್ಮ.

ನಾನು ಎದ್ದು ದಡಕ್ಕೆ ಹೋದೆ. ಅಪ್ಪ ಆರನೇ ಸಲ ಹೊಸ ಹಲಗೆ ಇಟ್ಟು ಮೊಳೆ ಹಿಡಿದ. ಅಧಿಕಾರಿ ಟೇಪು ಬಿಚ್ಚಿಕೊಂಡು ಸಿದ್ಧರಾಗಿ ನಿಂತರು. ಸುತ್ತಿಗೆ ಮೇಲೆದ್ದಿತು. ಅತ್ತೆಯ ಮಾತನ್ನೇ ಕೂಗಬೇಕು ಅಂದುಕೊಂಡಿದ್ದೆ, ಆದರೆ ಬಾಯಿಗೆ ಬಂದದ್ದು ಬೇರೆ.

"ಅಪ್ಪಾ! ಹೆಣ್ಣು ಮಗು! ಅಳ್ತಾ ಇದೆ ಕಣಪ್ಪಾ!"

ಅಪ್ಪ ತಿರುಗಿದ. ಕೈ ಹೊಡೆಯುತ್ತಲೇ ಇತ್ತು.

"ಮೂರು ಬೆರಳು! ಪಾಸು!" ಅಂತ ಅಧಿಕಾರಿ ಕುಣಿದರು.

ಅಪ್ಪನಿಗೆ ಅದು ಕೇಳಿಸಲೇ ಇಲ್ಲ. ಸುತ್ತಿಗೆ ಬಿಸಾಕಿ, ಹದಿನೇಳನೇ ಹಲಗೆಗೆ ತಾನೇ ಎಡವಿ, ದಡಕ್ಕೆ ಓಡಿ ಬರುತ್ತಿದ್ದ.