ಅಜ್ಜಿ ಹೂಂಗುಟ್ಟಿದ ರೇಡಿಯೋ

ತುಂಗಭದ್ರೆಯ ದಂಡೆಗೆ ಒಂದೂರಿತ್ತಂತೆ. ಆ ಊರಲ್ಲಿ ಕಥೆಗಳ ಕಣಜದಂಥ ಒಬ್ಬ ಅಜ್ಜಿ, ಆ ಕಣಜಕ್ಕೆ ಒಬ್ಬಳೇ ಮೊಮ್ಮಗಳು. ಇಬ್ಬರೂ ಸುಖವಾಗಿರುವಾಗ ನಡುವೆ ಒಬ್ಬ ಸವತಿ ಬಂದಳಂತೆ.

ಊರು ಕಂಪ್ಲಿ. ಅಜ್ಜಿ ನನ್ನ ತಾಯಿಯ ತಾಯಿ ಮರುಳಸಿದ್ದಮ್ಮ. ಸವತಿ ಅಂಗೈಯಗಲದ ಒಂದು ರೇಡಿಯೋ.

ತಂದವನು ಹಾಲೇಶಮಾಮ. ಸಂಡೂರಿನಿಂದ ಅದಿರು ಹೊರುವ ಟಿಪ್ಪರ್ ಅವನದು. ಲೋಡಿಗಾಗಿ ಅರ್ಧ ದಿನ ಸಾಲಿನಲ್ಲಿ ನಿಲ್ಲುವ ಡ್ರೈವರುಗಳೆಲ್ಲ ಇಂಥದೊಂದು ಇಟ್ಟುಕೊಂಡಿದ್ದರು. ಅದರ ಕೆಂಧೂಳನ್ನು ಅಂಗಿಯ ತುದಿಯಿಂದ ಒರೆಸಿ ಅಜ್ಜಿಯ ಕೈಗಿಟ್ಟ. "ದಿನಾ ಮಧ್ಯಾಹ್ನ ಒಂದೂವರಿಗೆ ಕಥಿ ಬರ್ತೈತಿ ಯವ್ವಾ. ದಿನಕ್ಕ ಒಂದ್ ತುಣುಕು. ಪುಕ್ಕಟೆ."

"ಪುಕ್ಕಟೆ ಯಾರ್ ಕಥಿ ಹೇಳ್ತಾರಲೇ?" ಎಂದು ಅಜ್ಜಿ ನಕ್ಕಳು. ಅವಳಂತೂ ಎಂದೂ ಪುಕ್ಕಟೆ ಹೇಳಿದವಳಲ್ಲ. ಕಾಲು ಒತ್ತಬೇಕು, ಎಲೆಗೆ ಸುಣ್ಣ ಹಚ್ಚಿ ಕೊಡಬೇಕು, ಮುಖ್ಯವಾಗಿ ಪ್ರತಿ ಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ರಾಜಕುಮಾರಿ ಮರುದಿನದವರೆಗೆ ಹುತ್ತದೊಳಗೇ ಕೂತಿರಬೇಕು. ಮಾತು ಬಂದಾಗಿನಿಂದ ನಾನು ಹಾಗೆ ಹೂಂಗುಟ್ಟಿಕೊಂಡೇ ಬೆಳೆದವಳು.

ನಾಲ್ಕನೆಯ ದಿನ ಊಟದ ತಟ್ಟೆ ತೊಳೆದಿಟ್ಟು ಪಡಸಾಲೆಗೆ ಬಂದೆ. ಅಜ್ಜಿ ರೇಡಿಯೋವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಣ್ಣು ಮುಚ್ಚಿ, "ಹೂಂ... ಹೂಂ..." ಅನ್ನುತ್ತಿದ್ದಳು. ನನಗೆ ಒಂದು ದಿನವೂ ಆಕೆ ಹೂಂಗುಟ್ಟಿದ್ದಿಲ್ಲ. ಎದೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಯಿತು.

"ಅದಕ್ಕೇನ್ ಕಿವಿ ಐತೇನಜ್ಜಿ?"

"ಬಾಯಿ ಮುಚ್ಚು. ತಾಯಕ್ಕ ಮಾತಾಡಾಕತ್ಯಾಳ."

ತಾಯಕ್ಕ ಆ ಕಥೆಯಲ್ಲಿ ಹರಿಗೋಲು ನಡೆಸುವ ಹೆಂಗಸು. ಗಂಡ ಇನ್ನೊಬ್ಬಳ ಹಿಂದೆ ಹೋದ ಮೇಲೆ ಹೊಳೆ ದಾಟುವವರನ್ನು ದಾಟಿಸಿ ಬದುಕುತ್ತಾಳೆ. ಅವಳ ದನಿ ಒಣಗಿದ ಬೆಲ್ಲದ ಹಾಗೆ, ಗಟ್ಟಿ ಮತ್ತು ಸಿಹಿ. ಸಾರಿಗೆ ಉಪ್ಪು ಕಡಿಮೆಯಾದರೆ ಅಜ್ಜಿ, "ತಾಯಕ್ಕ ಆಗಿದ್ರ ಹಿಂಗ್ ಮಾಡ್ತಿದ್ದಿಲ್ಲ" ಅನ್ನತೊಡಗಿದಳು. ಪಕ್ಕದ ಮನೆಯ ದುರ್ಗಕ್ಕ ಬೇರೆ, "ಏನವಾ ಸುನೀ, ನಿಮ್ಮಜ್ಜಿಗೆ ಹೊಸ ಮೊಮ್ಮಗಳು ಸಿಕ್ಕಾಳಂತಲ್ಲ?" ಎಂದು ಚುಚ್ಚಿದಳು.

ಅಷ್ಟರಲ್ಲಿ ಅಜ್ಜಿಯ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಹೊಸಪೇಟೆಯ ಆಸ್ಪತ್ರೆಯಲ್ಲಿ ಮೂರು ದಿನ. ಕಥೆಯ ಕೊನೆಯ ಮೂರು ದಿನವೂ ಅವೇ. ವಾರ್ಡಿನೊಳಗೆ ರೇಡಿಯೋ ಬಿಡುವುದಿಲ್ಲ ಎಂದದ್ದೇ ತಡ, ಕಣ್ಣು ಹೋದರೂ ಹೋಗಲಿ, ಬರುವುದಿಲ್ಲ ಎಂದು ಅಜ್ಜಿ ಹಟ ಹಿಡಿದಳು.

"ನಾ ಕೇಳಿ ಹಂಗಂಗೇ ಹೇಳ್ತೀನಿ, ನಡಿ ಅಜ್ಜಿ."

"ಒಂದಕ್ಷರ ಬಿಡಬಾರ್ದು. ಆಣಿ ಮಾಡು."

ಮಾಡಿದೆ.

ಹಾಲೇಶಮಾಮ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದ. ಮನೆಯಲ್ಲುಳಿದ ನಾನು ಮೊದಲ ದಿನ ರೇಡಿಯೋಗೆ ಬೆನ್ನು ಹಾಕಿ, ಮೊರದಲ್ಲಿ ಅಕ್ಕಿ ಆರಿಸುತ್ತ ಕೂತೆ. ತಾಯಕ್ಕನ ಗಂಡ ದಡಕ್ಕೆ ಬಂದು, ದಾಟಿಸು ಅಂದ. ಹರಿಗೋಲಿಗೆ ನೀರು ಬಡಿಯುವ ಸದ್ದಷ್ಟೇ. ನನ್ನ ಕೈ ಅಕ್ಕಿಯಲ್ಲೇ ನಿಂತಿತು. "ಹತ್ತಿಸ್ಕೋಬ್ಯಾಡ!" ಎಂದು ಕೂಗಿಯೇಬಿಟ್ಟೆ. ಎರಡನೆಯ ದಿನ ದುರ್ಗಕ್ಕ ಬಂದಾಳೆಂದು ಬಾಗಿಲಿಗೆ ಅಗಳಿ ಹಾಕಿದೆ. ಮೂರನೆಯ ದಿನ ಅನ್ನ ತಳ ಹಿಡಿದದ್ದೂ ತಿಳಿಯಲಿಲ್ಲ. ಕಾಣದ ಹೊಳೆಯೊಂದು ನಮ್ಮ ಪಡಸಾಲೆಯಲ್ಲೇ ಹರಿದು ಹೋಗಿತ್ತು. ಇಷ್ಟು ಚೆನ್ನಾಗಿ ಹೇಳುವ ಬಾಯಿ ಇನ್ನೊಬ್ಬಳದು ಅನ್ನುವುದು ಮತ್ತೂ ಉರಿಸಿತು.

ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಸಿಕೊಂಡು ಬಂದ ಅಜ್ಜಿ ನೀರು ಕೂಡ ಕೇಳಲಿಲ್ಲ. "ಹೇಳು."

ನಾನು ಹೇಳಿದೆ. "ಗಂಡ ಬಂದ. ತಾಯಕ್ಕ ಗೊಳೋ ಅಂತ ಅತ್ತು, ಕಾಲಿಗೆ ಬಿದ್ದು, ಮನಿಗೆ ಕರ್ಕೊಂಡು ಹೋದ್ಲು. ಮುಗೀತು."

ಅಜ್ಜಿಯಿಂದ ಒಂದು ಹೂಂ ಕೂಡ ಬರಲಿಲ್ಲ.

"ತಾಯಕ್ಕ ಅತ್ಲು?"

"ಹೌದು."

"ಸುಳ್ಳು. ಆಕಿ ಅಳಾಕಿ ಅಲ್ಲ. ನಿನ್ನ ಹೊಟ್ಟಿಕಿಚ್ಚು ಆಕಿ ಕಣ್ಣಾಗ ನೀರು ತರಿಸೈತಿ."

ನನ್ನ ಕಣ್ಣಲ್ಲೇ ನೀರು ಬಂತು. "ಆ ಡಬ್ಬಿಗೆ ಹೂಂ ಅಂತೀ. ನನಗ ಯಾವತ್ತರ ಅಂದೀಯೇನು?"

ಅಜ್ಜಿ ಬಟ್ಟೆ ಕಟ್ಟಿದ ಮುಖವನ್ನು ನನ್ನತ್ತ ತಿರುಗಿಸಿದಳು. "ನೀ ಯಾವತ್ತರ ಕಥಿ ಹೇಳೀಯೇನವಾ?"

ಇಲ್ಲ. ಕೇಳಿದ್ದೆ, ಕೇಳಿ ಕೇಳಿ ನಿದ್ದೆ ಹೋಗಿದ್ದೆ. ಹೇಳಿರಲಿಲ್ಲ.

ಮೊದಲಿನಿಂದ ಶುರು ಮಾಡಿದೆ. ದಡ, ಗಂಡ, ನೀರಿನ ಸದ್ದು. ಎರಡನೆಯ ದಿನದ ಬೆಳಗಿನ ಮಂಜು, ನಟ್ಟನಡು ಹೊಳೆಯಲ್ಲಿ ಹುಟ್ಟು ಎತ್ತಿ ಸುಮ್ಮನೆ ಕೂತ ತಾಯಕ್ಕ, ಈಜು ಬಾರದ ಗಂಡನ ಗೋಗರೆತ. ಅಜ್ಜಿಯ ಹೂಂ ಒಮ್ಮೊಮ್ಮೆ ನನ್ನ ಮಾತಿಗಿಂತ ಮುಂದೆ ಓಡುತ್ತಿತ್ತು. ಮೂರನೆಯ ದಿನ ತಾಯಕ್ಕ ಮಂಜಿನಲ್ಲಿ ಹರಿಗೋಲನ್ನು ಗಿರಗಿರ ತಿರುಗಿಸಿ ತಿರುಗಿಸಿ, ಅವನು ಹತ್ತಿದ ದಡಕ್ಕೇ ಇಳಿಸಿ, 'ದಾಟಿದಿ, ನಡಿ' ಅಂದಳು ಎಂದಾಗ ಅಜ್ಜಿ ಕಣ್ಣಿನ ಬಟ್ಟೆ ಜಾರುವಷ್ಟು ನಕ್ಕಳು.

"ಆಮ್ಯಾಲ?"

"ಆಮ್ಯಾಲ ಮುಗೀತಜ್ಜಿ."

"ಕಡೀಗೆ ಯಾರ್ಯಾರು ಮಾತಾಡಿದ್ರಂತ ಹೆಸ್ರು ಹೇಳ್ಯಾರಲ್ಲ? ಒಂದಕ್ಷರ ಬಿಡಬಾರ್ದಂದಿದ್ನಲ್ಲ."

ಗಂಡನ ಪಾತ್ರದವನ ಹೆಸರು ಹೇಳಿದೆ, ದಡದ ಬೇರೆ ಅಂಬಿಗರದೂ ಹೇಳಿದೆ. ಆ ಬೆಲ್ಲದ ದನಿಯವಳ ಹೆಸರು, ನನ್ನ ಸವತಿಯದು, ಒಂದನ್ನು ಮಾತ್ರ ಬಿಟ್ಟೆ. ಅಜ್ಜಿ "ಹೂಂ?" ಅಂದಳು.

"ತಾಯಕ್ಕನ ಪಾತ್ರದಲ್ಲಿ, ಸೀತಾಬಾಯಿ" ಎಂದೆ.